ಗಟ್ಟಿಯಾಗಿ ಓದಬೇಕಾದ ಕಾಗದ

ಗಿಲ್‌ರಾಯ್,
ಏಪ್ರಿಲ್ ೧೭, ೨೦೦೦

ನಿಸರ್ಗಾಳ ಅಪ್ಪನಿಗೆ,

ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆರನೇ ವಯಸ್ಸಿಗೇ ಬೆಟ್ಟದ ಮೇಲಿನ ಬೋರ್ಡಿಂಗ್ ಶಾಲೆ ಸೇರಿದವರು ನೀವು. ಹೆತ್ತ ತಾಯಿ ಬೋರಮ್ಮನವರು ಹಾಸನದಿಂದ ಅಮೆರಿಕಕ್ಕೆ ಬರೆಯುವ ಕಾಗದವನ್ನೂ ಇನ್ನೊಬ್ಬರು ಓದಿ ಹೇಳಬೇಕು. ಮದುವೆಗೆ ಮುಂಚೆ ನಿಮ್ಮ ರೂಮಿನಲ್ಲಿದ್ದ ಮುನಿರಾಜು ಅಣ್ಣ ಓದುತ್ತಿದ್ದರು, ಆಮೇಲೆ ನಾನು ಓದಿದೆ. ಈಗ ಮತ್ತೆ ಅವರನ್ನೇ ಬೆರ್ರಿಯೆಸಾದ ಮನೆಗೆ ಕರೆಸಿ ಸೋಫಾದ ಮೇಲೆ ಕೂರಿಸಿಕೊಂಡಿರುತ್ತೀರಿ. ಮುನಿರಾಜು ಅಣ್ಣ, ಒಂದಕ್ಷರವನ್ನೂ ನುಂಗದೆ ಗಟ್ಟಿಯಾಗಿ ಓದಿ. ನಿಮ್ಮ ಮಾತೂ ಬರುತ್ತದೆ, ಅದನ್ನೂ ಬಿಡಬೇಡಿ.

ನಾನು ಮನೆಯ ಹತ್ತಿರ ಸುಳಿಯಬಾರದು, ಫೋನು ಮಾಡಬಾರದು, ಮಗುವಿನ ವಿಷಯವಾಗಿ ಮಾತ್ರ ಕಾಗದ ಬರೆಯಬಹುದು ಎಂದು ಕೋರ್ಟು ಹೇಳಿದೆ. ಇದೆಲ್ಲ ಮಗುವಿನ ವಿಷಯವೇ. ನಿಸರ್ಗಾ ನಿಮ್ಮ ಹತ್ತಿರ ಇರಬೇಕೋ ನನ್ನ ಹತ್ತಿರ ಇರಬೇಕೋ ಎಂದು ಬರುವ ಸೋಮವಾರ ಜಡ್ಜ್ ತೀರ್ಮಾನ ಮಾಡುತ್ತಾರೆ. ಅಷ್ಟರೊಳಗೆ ಎಂಟನೇ ತಾರೀಖು ಶನಿವಾರ ನಡೆದದ್ದನ್ನು ನಿಮಗೆ ಕನ್ನಡದಲ್ಲಿ ಒಮ್ಮೆ ಕೇಳಿಸಬೇಕು ಅನ್ನಿಸಿತು. ಇಂಗ್ಲಿಷಿನಲ್ಲಿ ನೀವೇ ಎಲ್ಲರಿಗೂ ಹೇಳಿ ಮುಗಿಸಿದ್ದೀರಲ್ಲ.

ಅವತ್ತು ಮಧ್ಯಾಹ್ನ ನಿಮ್ಮ ಡಾಟ್‌ಕಾಮ್ ಕಂಪನಿಯ ನಾಲ್ವರು ಊಟಕ್ಕೆ ಬಂದಿದ್ದರು. ಮುನಿರಾಜು ಅಣ್ಣನೂ ಇದ್ದರು. ಊಟವಾದ ಮೇಲೆ ನೀವು ಆನ್ಸರಿಂಗ್ ಮೆಷಿನ್ನಿನ ಗುಂಡಿ ಒತ್ತಿ, ಮನೆಯಲ್ಲಿ ಯಾರೂ ಇಲ್ಲ, ವಿಷಯ ತಿಳಿಸಿ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಎಲ್ಲರಿಗೂ ಕೇಳಿಸಿದಿರಿ. "ಕೇಳ್ರಪ್ಪಾ, ಇದು ನಮ್ಮನೆ ಹೋಮ್ ಪೇಜು. ಡೈರೆಕ್ಟಾಗಿ ಮಳವಳ್ಳಿ ಸರ್ವರಿಂದ ಬರ್ತಿದೆ" ಅಂದಿರಿ. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಮುನಿರಾಜು ಅಣ್ಣನ ಕಡೆ ತಿರುಗಿ, ಅವರು ಮೀಟಿಂಗಿನಲ್ಲಿ ಕೈಕಟ್ಟಿ ಎದ್ದು ನಿಂತು ಅಮೆರಿಕನ್ ಮ್ಯಾನೇಜರನ್ನು ಸಾರ್ ಸಾರ್ ಅನ್ನುವುದನ್ನು ಹಾಗೇ ಮಾಡಿ ತೋರಿಸಿದಿರಿ. ಮುನಿರಾಜು ಅಣ್ಣ ತಟ್ಟೆ ನೋಡಿಕೊಂಡು ನಕ್ಕರು. ಅಡುಗೆಮನೆ ಬಾಗಿಲಲ್ಲಿ ನಿಂತು ನಾನೂ ನಕ್ಕೆ. ಅವರೂ ಸರ್ಕಾರಿ ಶಾಲೆ, ನಾನೂ ಸರ್ಕಾರಿ ಶಾಲೆ. ಮೇಷ್ಟರು ನಕ್ಕರೆ ತರಗತಿಯೆಲ್ಲ ನಗಬೇಕು ಅನ್ನುವುದು ನಮಗೆ ಒಂದನೇ ಕ್ಲಾಸಿನಿಂದ ರೂಢಿ.

ಎಲ್ಲರೂ ಹೊರಟ ಮೇಲೆ ನೀವು ಸ್ಟೀಲ್ ಸ್ಕೇಲು ತಂದಿರಿ. ಮುನಿರಾಜು ಅಣ್ಣ, ಈ ಸ್ಕೇಲಿನ ವಿಷಯ ನಿಮಗೆ ಗೊತ್ತಿಲ್ಲ. ಮೆಷಿನ್ನಿನ ಗುಂಡಿ ಒತ್ತಿ ಆ ಇಂಗ್ಲಿಷ್ ಮಾತನ್ನು ನಾನು ಮತ್ತೆ ಹೇಳಬೇಕು, ಉಚ್ಚಾರ ತಪ್ಪಿದರೆ ಎಡಗೈ ಚಾಚಬೇಕು, ಬೆರಳ ಗೆಣ್ಣಿನ ಮೇಲೆ ಒಂದು ಏಟು. ಮತ್ತೆ ಮೊದಲಿನಿಂದ. ಮೂರು ವರ್ಷದಿಂದ ನಡೆದಿದೆ. ಇಂಜಿನಿಯರಿಂಗಿನಲ್ಲಿ ರ‍್ಯಾಂಕು ಬಂದವಳು ಯಾಕೆ ಕೈ ಚಾಚಿದಳು ಎಂದು ವಕೀಲರೂ ಕೇಳಿದರು. ಮದುವೆಯಾದ ತಿಂಗಳಿನಲ್ಲಿ ಒಂದು ದಿನ ನೀವು ನನ್ನ ಮಡಿಲಲ್ಲಿ ತಲೆಯಿಟ್ಟು, ಕನ್ನಡ ಮಾತಾಡಿದ್ದಕ್ಕೆ ಬೋರ್ಡಿಂಗ್ ಶಾಲೆಯ ವಾರ್ಡನ್ ನಿಮ್ಮ ಗೆಣ್ಣಿಗೆ ಹೀಗೇ ಹೊಡೆಯುತ್ತಿದ್ದ ಎಂದು ಅತ್ತಿರಿ. ಆ ಆರು ವರ್ಷದ ಮಗುವಿನ ಮೇಲೆ ಮರುಕಪಟ್ಟು ನಾನು ನಿಮ್ಮ ಏಟು ತಿಂದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅವತ್ತು ಹನ್ನೊಂದು ಸಲವೂ ತಪ್ಪಿತು. ಹನ್ನೆರಡನೇ ಸಲ ಹೇಳುವಾಗ ನಿಸರ್ಗಾ ಆಟ ಬಿಟ್ಟು ಎದ್ದುಬಂದು ನನ್ನ ಜೊತೆ ತಾನೂ ಹೇಳಿದಳು, ಥೇಟು ನನ್ನ ಹಾಗೇ, ನನ್ನ ಮಳವಳ್ಳಿಯ ರಾಗದಲ್ಲಿ. ನನಗೆ ಸಹಾಯ ಮಾಡಲು ಬಂದಿತ್ತು ಮಗು. "ಇವಳಿಗೂ ಅಂಟಿಸ್ಬಿಟ್ಯಲ್ಲೇ ನಿನ್ ಗೌರ್ಮೆಂಟ್ ಸ್ಕೂಲ್ ರೋಗಾನ!" ಎಂದು ಕೂಗಿ ಅವಳ ಕೈ ಹಿಡಿದು ಎರಡು ಬಾರಿಸಿದಿರಿ. ಎರಡನೆಯ ಏಟು ಸ್ಕೇಲಿನ ಅಂಚಿನದು. ನಾಲ್ಕು ವರ್ಷದ ಮಗುವಿನ ಬೆರಳು ಸೀಳಿತು.

ಒಲೆಯ ಪಕ್ಕ ಮುದ್ದೆ ಕೋಲಿತ್ತು. ನೆಂಟರ ಎದುರು ಇಡಬೇಡ ಎಂದು ನೀವು ಬೈಯುವ ಅದೇ ಕೋಲು. ಮೊದಲ ಏಟು ನಿಮ್ಮ ಕೈಗೆ, ಸ್ಕೇಲು ಬಿತ್ತು. ಎರಡನೆಯದು ಹಣೆಗೆ. ರಕ್ತ ಕಣ್ಣಿಗಿಳಿದು ನೀವು ಮೊಣಕಾಲೂರಿದಿರಿ. "ಸತ್ಯಾ, ಬೇಡ ಕಣೇ" ಎಂದು ಕೈಯೆತ್ತಿದಿರಿ. ಮೂರನೆಯದು ಹೆಗಲಿಗೆ, ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಮೊದಲ ಎರಡು ಮಗುವಿಗಾಗಿ ಹೊಡೆದದ್ದು. ಮೂರನೆಯದು ಬೇಕಿರಲಿಲ್ಲ, ಅದು ನನಗಾಗಿ. ಹೊಡೆದಾಗ ಹಿತವಾಯಿತು. ಮಗು ಅದನ್ನೂ ನೋಡಿತಲ್ಲ ಎಂದು ಈಗ ಸಂಕಟವಾಗುತ್ತದೆ. ನಿಮ್ಮ ಬಗ್ಗೆ ಆಗುವುದಿಲ್ಲ.

ಕಿರುಚಾಟ ಕೇಳಿ ಪಕ್ಕದ ಅಪಾರ್ಟ್‌ಮೆಂಟಿನವರು ಪೊಲೀಸರನ್ನು ಕರೆದರು. ಆಮೇಲಿನದು ನಿಮ್ಮ ಶಾಲೆ ನಿಮಗೆ ಕಲಿಸಿಕೊಟ್ಟ ವಿದ್ಯೆ. ಹಣೆಗೆ ಟವೆಲ್ ಒತ್ತಿಕೊಂಡು, ದನಿ ಏರಿಸದೆ, ರೇಡಿಯೋದವರ ಹಾಗೆ ಮಾತಾಡಿದಿರಿ. ಆ ಪೊಲೀಸ್ ನನ್ನ ಕಡೆ ತಿರುಗಿ ಏನಾಯಿತು ಎಂದು ಕೇಳಿದಾಗ ಇಂಗ್ಲಿಷ್ ನನ್ನ ನಾಲಗೆಗೆ ಹೊರಳಲಿಲ್ಲ. ಮಗು, ಸ್ಕೇಲು ಅನ್ನುವ ಎರಡು ಮಾತು ಹೊರಟವೋ ಇಲ್ಲವೋ. ಅವನು ಬಗ್ಗಿ ಮತ್ತೆ ಕೇಳಿದ. ಇವಳಿಗೆ ಇಂಗ್ಲಿಷ್ ಬರುವುದಿಲ್ಲ, ಸಿಟ್ಟಿನಲ್ಲಿ ಹೊಡೆದೆ ತಪ್ಪಾಯಿತು ಅನ್ನುತ್ತಿದ್ದಾಳೆ ಎಂದು ನೀವು ಹೇಳಿದಿರಿ. ಅವನು ಬರೆದುಕೊಂಡ. ಬೆರಳು ಊದಿದ ಕೈಗೇ ಕೋಳ ಬಿತ್ತು.

ಯಾವಾಗ ಮಾತಾಡಿಸಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಿಸರ್ಗಾ ಅವತ್ತು ಅವನ ಪ್ಯಾಂಟು ಹಿಡಿದು ಎಳೆಯುತ್ತಾ, "ಅಮ್ಮ ಅಲ್ಲ, ಅಪ್ಪ ಫಸ್ಟ್ ಹೊಡ್ದಿದ್ದು!" ಎಂದು ಕನ್ನಡದಲ್ಲಿ ಕೂಗಿದಳು. ಮಗು ಏನು ಹೇಳುತ್ತಿದೆ ಎಂದು ಅವನು ಕೇಳಿದ. ಅಮ್ಮ ಬೇಕು ಅನ್ನುತ್ತಿದೆ ಅಂದಿರಿ. ಬೆರಳು ಬಾಗಿಲಿಗೆ ಸಿಕ್ಕಿತು ಅಂದಿರಿ. ನನಗೆ ಹೊಡೆದದ್ದನ್ನು ಒಂದು ದಿನ ಮರೆತೇನು, ಆ ಮಗುವಿನ ಮಾತು ತಿರುಚಿದ್ದನ್ನು ಸಾಯುವವರೆಗೂ ಮರೆಯುವುದಿಲ್ಲ.

ಜೈಲಿನಿಂದ ಬಿಟ್ಟ ದಿನದಿಂದ ಇಲ್ಲಿ ಮೈಸೂರಿನ ಶಾಹಿದಾ ಅಕ್ಕನ ಮನೆಯಲ್ಲಿದ್ದೇನೆ. ಗ್ರೋಸರಿ ಅಂಗಡಿಯಲ್ಲಿ ಪರಿಚಯವಾದವರು, ಒಂದು ಮಾತೂ ಕೇಳದೆ ಹಾಸಿಗೆ ಹಾಸಿಕೊಟ್ಟರು. ನಮ್ಮ ಕೈಯಲ್ಲಿ ಪುರಾವೆ ಏನೂ ಇಲ್ಲ, ಸೋಮವಾರ ನಿನ್ನ ಗಂಡ ಚೆನ್ನಾಗಿ ಮಾತಾಡುತ್ತಾನೆ, ನೀನು ತಡವರಿಸುತ್ತೀಯ ಎಂದು ವಕೀಲರು ಮುಖಕ್ಕೇ ಹೇಳಿದ್ದಾರೆ. ಆದ್ದರಿಂದ ನೀವು ನಿಶ್ಚಿಂತೆಯಾಗಿರಿ. ಮಗುವಿನ ಬೆರಳಿನ ಪಟ್ಟಿ ದಿನಾ ಬದಲಾಯಿಸಿ. ಡೇಕೇರಿನಲ್ಲಿ ಯಾರಾದರೂ ಕೇಳಿದರೆ ಅದಕ್ಕೆ ಸುಳ್ಳು ಹೇಳಿಕೊಡಬೇಡಿ.

ಇಂತು,
ನಿಸರ್ಗಾಳ ಅಮ್ಮ
ಸತ್ಯವತಿ

ಮರೆತ ಮಾತು: ಮುನಿರಾಜು ಅಣ್ಣ, ಇಲ್ಲಿಂದ ಮನಸ್ಸಿನಲ್ಲೇ ಓದಿಕೊಳ್ಳಿ. ಅಕ್ಷರ ಮಸುಕಾಗಿದೆ ಎಂದು ಹೇಳಿ ಕನ್ನಡಕ ಒರೆಸಿಕೊಳ್ಳಿ, ಮುಖ ಬದಲಾಗದಿರಲಿ. ನಿಮ್ಮ ಹೊಸ ನಂಬರು ನನ್ನಲ್ಲಿಲ್ಲ, ನಿಮ್ಮನ್ನು ತಲುಪಲು ಈ ದಾರಿ ಬಿಟ್ಟು ಬೇರೆ ಸಿಗಲಿಲ್ಲ. ನಾನು ಹನ್ನೆರಡನೇ ಸಲ ಹೇಳುವಾಗ ಅವರು ಮಗುವಿಗೆ ಹೊಡೆದರಲ್ಲ, ಆಗ ನನ್ನ ಮಾತು ಹಿಡಿಯಲು ಗುಂಡಿ ಒತ್ತಿದ್ದ ಮೆಷಿನ್ನು ಓಡುತ್ತಲೇ ಇತ್ತು. ಅವರ ಕೂಗು, ಎರಡು ಏಟು, ಮಗು ಚೀರಿದ್ದು ಎಲ್ಲ ಅದರಲ್ಲಿವೆ. ಅವರು ಪೊಲೀಸರಿಗೆ ಬಾಗಿಲು ತೆಗೆಯಲು ಹೋದಾಗ ಆ ಪುಟ್ಟ ಕ್ಯಾಸೆಟ್ಟು ತೆಗೆದು ಬೇರೆಯದನ್ನು ಹಾಕಿದೆ. ತೆಗೆದ ಕ್ಯಾಸೆಟ್ಟು ಅಡುಗೆಮನೆಯಲ್ಲಿ, ಅವರು ಎಂದೂ ಮುಟ್ಟದ ರಾಗಿ ಹಿಟ್ಟಿನ ಡಬ್ಬದ ತಳದಲ್ಲಿದೆ. ವಕೀಲರ ಕೈಲಿ ಕೇಳಿಸಿದರೆ ನಿಸರ್ಗಾಳ ಅಪ್ಪನಿಗೆ ಸುಳಿವು ಸಿಕ್ಕಿ ಅದನ್ನು ಸುಟ್ಟುಹಾಕುತ್ತಾರೆ. ಶಾಹಿದಾ ಅಕ್ಕನ ವಿಳಾಸ ಲಕೋಟೆಯ ಹಿಂದಿದೆ, ಸೋಮವಾರದೊಳಗೆ ಡಬ್ಬ ಅಲ್ಲಿಗೆ ತಲುಪಿಸಿ. ಅವತ್ತು ನಾವಿಬ್ಬರೂ ನಕ್ಕೆವು ಅಣ್ಣ, ಅದು ಅಲ್ಲಿಗೇ ಮುಗಿಯಲಿ. ಈಗ ತಲೆಯೆತ್ತಿ, ಇಷ್ಟನ್ನು ಮಾತ್ರ ಗಟ್ಟಿಯಾಗಿ ಓದಿ:

"ಅಡುಗೆಮನೆಯಲ್ಲಿರುವ ರಾಗಿ ಹಿಟ್ಟಿಗೆ ಹುಳ ಬೀಳುತ್ತದೆ. ನೀವಂತೂ ತಿನ್ನುವವರಲ್ಲ, ಡಬ್ಬದ ಸಮೇತ ಮುನಿರಾಜು ಅಣ್ಣನಿಗೆ ಕೊಟ್ಟು ಕಳಿಸಿ."