ದೋಣಿಯ ಮುಂಭಾಗದ ಫೋಟೋ

ಬಂದರು ಅಧಿಕಾರಿಗಳಿಗೆ ನಮಸ್ಕಾರ.

ಹೋಗಿ ಒಂಬತ್ತು ದಿನವಾದರೂ ಬಾರದ ನನ್ನ ಗಂಡನ ದೋಣಿಯನ್ನು ಹುಡುಕಲು ಅದರ ಮುಂಭಾಗದ ಫೋಟೋ ಬೇಕೆಂದಿದ್ದೀರಿ. ಊರವರ ದೋಣಿಗಳ ಫೋಟೋಗಳನ್ನೆಲ್ಲ ಎದುರಿನಿಂದ ತೆಗೆದುಕೊಟ್ಟವಳು ನಾನೇ. ನಮ್ಮದರ ಫೋಟೋಗಳು ಮಾತ್ರ ದೋಣಿ ಹೊರಟಾಗ ಹಿಂದಿನಿಂದ ತೆಗೆದವು. ಮರಳಿ ಬರುವಾಗ ಕ್ಯಾಮೆರಾ ಎತ್ತಿದರೆ ಸಾಕು, "ಫೋಟೋ ಆಮೇಲೆ ತೆಗೀವಂತೆ, ಮೊದಲು ಹಗ್ಗ ಹಿಡ್ಕೊಳೇ" ಎಂದು ಅವರು ಕೂಗುತ್ತಿದ್ದರು. ಹಗ್ಗ ಕಟ್ಟಿ ಮೀನಿನ ಬುಟ್ಟಿ ಇಳಿಸುವಷ್ಟರಲ್ಲಿ ಫೋಟೋ ಮರೆತೇಹೋಗುತ್ತಿತ್ತು.

ಹಿಂಭಾಗದ ಮೂರು ಫೋಟೋ ಲಗತ್ತಿಸಿದ್ದೇನೆ. ಒಂದರಲ್ಲಿ ನಂಬರು ಚೆನ್ನಾಗಿ ಕಾಣುತ್ತದೆ. ಸದ್ಯಕ್ಕೆ ಅದನ್ನೇ ಇಟ್ಟುಕೊಂಡು ಹುಡುಕಿಸಿ. ದೋಣಿ ಸಿಕ್ಕರೆ ದಡ ಮುಟ್ಟುವ ಮೊದಲೇ ನನಗೆ ಹೇಳಿಕಳಿಸಿ. ಹಗ್ಗ ಹಿಡಿಯಲು ಪಕ್ಕದ ಅಂಗಡಿಯ ದರ್ಜಿಯನ್ನು ಒಪ್ಪಿಸಿಟ್ಟಿದ್ದೇನೆ. ನೀವು ಕೇಳಿದ ಫೋಟೋ ಅವತ್ತೇ ತೆಗೆದುಕೊಡುತ್ತೇನೆ.

ಬಂದರಿನ ಎದುರಿನ ಸ್ಟುಡಿಯೋದವಳು