ಶುಕ್ರವಾರದ ಒಬ್ಬಟ್ಟು

ಕಲ್ಯಾಣದುರ್ಗ
24-4-1962

ಹಿಂದೂಪುರದಲ್ಲಿರುವ ನನ್ನ ಕೃಪಮ್ಮನಿಗೆ,

ನಿನ್ನ ನರಸಕ್ಕ ಮಾಡುವ ಆಶೀರ್ವಾದ. ನಾವು ಇದ್ದ ಹಾಗೆಯೇ ಇದ್ದೇವೆ. ನೀನು ಒಪ್ಪಿಸಿದ ಕೆಲಸ ಆಯಿತು. ನಿನ್ನ ಮಗ ಜೀವರತ್ನನ ಸಮಾಧಿಗೆ ಸುಣ್ಣ ಬಿದ್ದಿದೆ, ಸುತ್ತಲಿನ ಮುಳ್ಳು ಕಿತ್ತಾಗಿದೆ, ನೀನು ಕಳಿಸಿದ ಎರಡು ಮೇಣದಬತ್ತಿಯೂ ಉರಿದವು. ಬಸುರಿ ಹೆಂಗಸು, ಚಿಂತೆ ಬಿಟ್ಟು ಹೊತ್ತಿಗೆ ಸರಿಯಾಗಿ ಉಣ್ಣು.

ಇಲ್ಲಿಗೆ ಕಾಗದ ಮುಗಿಸಬಹುದಿತ್ತು. ನಿನ್ನೆ ಹಾಗೆಯೇ ಮುಗಿಸಿ, ಮಡಿಚಿ, ಅಂಟೂ ಹಚ್ಚಿದ್ದೆ. ಬೆಳಿಗ್ಗೆ ಅದನ್ನು ಒಲೆಗೆ ಹಾಕಿ ಇದನ್ನು ಬರೆಯಲು ಕೂತಿದ್ದೇನೆ. ಅದರಲ್ಲಿ ಅರ್ಧ ಸುಳ್ಳಿತ್ತು ಕಣಮ್ಮ.

ನಿನ್ನ ಕಾಗದ ಬಂದ ದಿನ ನನ್ನ ಹೊಟ್ಟೆ ಉರಿದುಹೋಯಿತು. ಬಸ್ಸಿನಲ್ಲಿ ಕುಲುಕಾಡಬಾರದೆಂದು ಡಾಕ್ಟರಮ್ಮ ಹೇಳಿದ್ದಾರೆ, ಈ ಈಸ್ಟರಿಗೆ ನನ್ನ ಬದಲು ನೀನೇ ಹೋಗು ಅಕ್ಕ, ಹೊತ್ತು ಹುಟ್ಟುವ ಮೊದಲೇ ಬತ್ತಿ ಹಚ್ಚು ಎಂದು ಬರೆದಿದ್ದೆ. ಯಾರಿಗೆ ಹೇಳುತ್ತಿದ್ದೇನೆಂದು ನಿನಗೆ ಒಂದು ಗಳಿಗೆಯಾದರೂ ಹೊಳೆಯಲಿಲ್ಲವೆ? ಆರು ವರ್ಷದ ಹಿಂದೆ ಒಂದೇ ಬೀದಿಯಲ್ಲಿ, ಒಂದೇ ವಾರದಲ್ಲಿ, ಸಿಡುಬು ನಿನ್ನ ಮಗನನ್ನೂ ನನ್ನ ಮಗಳು ಹಂಪಿಯನ್ನೂ ತೆಗೆದುಕೊಂಡು ಹೋಯಿತು. ನಿನ್ನವನಿಗೆ ಕಲ್ಲು, ಕಲ್ಲಿನ ಮೇಲೆ ಹೆಸರು, ವರ್ಷಕ್ಕೊಂದು ಬೆಳಗು. ನನ್ನವಳನ್ನು ಗಂಡಸರು ಟವಲಿನಲ್ಲಿ ಸುತ್ತಿಕೊಂಡು ಹಳ್ಳದ ಕಡೆ ನಡೆದರು. ಹೆಂಗಸು ಅಲ್ಲಿಗೆ ಕಾಲಿಡಬಾರದೆಂದು ಅತ್ತೆ ನನ್ನನ್ನು ಬಾಗಿಲಲ್ಲೇ ಹಿಡಿದು ಕೂರಿಸಿದರು. ದೊಡ್ಡವರು ಸತ್ತರೆ ಮೂರನೆಯ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಡುತ್ತೇವಲ್ಲ, ನಾಲ್ಕು ವರ್ಷದ ಮಗುವಿಗೆ ಅದೂ ಇಲ್ಲವಂತೆ.

ನಿಮ್ಮವರಿಗೆ ಹಿಂದೂಪುರಕ್ಕೆ ವರ್ಗವಾದ ಮೇಲೂ ನೀನು ಪ್ರತಿ ವರ್ಷ ಬರುತ್ತಿದ್ದೆ. ಸಮಾಧಿತೋಟದಿಂದ ನೇರ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ನಿನ್ನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಮದುವೆಮನೆಯಿಂದ ಬಂದವಳ ಮುಖ ಅದು. ಹೋದ ವರ್ಷ ನನ್ನ ಕೈ ಹಿಡಿದುಕೊಂಡು, "ಏಳ್ತಾನೆ ಕಣಕ್ಕ. ಆವತ್ತು ನನ್ ಮಗನ್ನ ನಾನು ಗುರ್ತು ಹಿಡೀತೀನಿ" ಅಂದೆ. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಇವಳ ಈ ನಂಬಿಕೆ ಒಂದು ದಿನ ಮುರಿದು ಬೀಳಲಿ, ಇವಳೂ ನನ್ನ ಹಾಗೆ ಬರಿಗೈಯಲ್ಲಿ ಕೂರಲಿ ಎಂದು ಹಿತ್ತಲಲ್ಲಿ ನಿಂತು ಬೇಡಿಕೊಂಡೆ. ಹೇಳಿಬಿಟ್ಟೆ ನೋಡು. ಬೈದುಕೊ. ಈಗ ನಿನಗೆ ಇನ್ನೊಂದು ಮಗುವೂ ಬರುತ್ತಿದೆ, ನನಗೆ ಆಮೇಲೆ ಆಗಲೇ ಇಲ್ಲ. ಎಲೆ ತುಂಬಿದವರಿಗೇ ಮತ್ತೆ ಬಡಿಸುವುದರಲ್ಲಿ ನಿಮ್ಮ ದೇವರೂ ನಮ್ಮ ದೇವರೂ ಒಂದೇ.

ಆದರೂ ಹೊತ್ತ ಕೆಲಸ, ಬೇಗ ಮುಗಿಸಿ ಕೈ ತೊಳೆದುಕೊಳ್ಳೋಣ ಎಂದುಕೊಂಡೆ. ನೀನು ಈಸ್ಟರ್ ಎಂದು ಬರೆದಿದ್ದೆಯೇ ಹೊರತು ತಾರೀಖು ಬರೆದಿರಲಿಲ್ಲ. ಕ್ಯಾಲೆಂಡರಿನಲ್ಲಿ ಶುಕ್ರವಾರ ಕೆಂಪಗಿತ್ತು. ತಾಲ್ಲೂಕು ಆಫೀಸಿಗೆ ರಜವೆಂದು ನಮ್ಮ ಮನೆಯವರು ಮನೆಯಲ್ಲೇ ಇದ್ದರು. ಯಾವುದರ ರಜ ಎಂದು ಕೇಳಿದ್ದಕ್ಕೆ ಕಿರಸ್ತಾನರ ಹಬ್ಬ ಎಂದರು. ಸರ್ಕಾರವೇ ರಜ ಕೊಟ್ಟಿದೆ ಎಂದ ಮೇಲೆ ಅದೇ ದೊಡ್ಡ ಹಬ್ಬವಲ್ಲವೆ? ನೀನು ಯಾವಾಗಲೂ ಭಾನುವಾರ ಬರುತ್ತಿದ್ದದ್ದು ನಿನ್ನ ಸ್ಕೂಲಿನ ರಜ ನೋಡಿಕೊಂಡು ಎಂದೇ ನಾನು ತಿಳಿದಿದ್ದೆ. ಹಬ್ಬದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನೀನು ಹೇಳಿದ ಹೊತ್ತು ಮೀರಿದರೂ ಮೀರಲಿ ಎಂದು ಹತ್ತು ಒಬ್ಬಟ್ಟು ತಟ್ಟಿ, ತುಪ್ಪ ಹಚ್ಚಿ, ಬತ್ತಿಗಳನ್ನು ಸೆರಗಿಗೆ ಕಟ್ಟಿಕೊಂಡು ನಿಮಗೆ ಪ್ರಾರ್ಥನೆ ನಡೆಸುವ ಉಪದೇಶಿ ಮುತ್ಯಾಲಪ್ಪನವರ ಮನೆಗೆ ಹೋದೆ. ಸಮಾಧಿತೋಟದ ಬೀಗದಕೈ ಅವರ ಹತ್ತಿರ ತಾನೆ ಇರುವುದು.

ಊರಲ್ಲಿರುವ ನಿಮ್ಮ ಕಿರಸ್ತಾನರ ನಾಲ್ಕು ಮನೆಯವರೂ ಅಲ್ಲಿ ನೆಲದ ಮೇಲೆ ಕೂತಿದ್ದರು. ಒಲೆ ಹಚ್ಚಿರಲಿಲ್ಲ. ಹೆಂಗಸರ ಕಣ್ಣು ಅತ್ತು ಕೆಂಪಾಗಿದ್ದವು. ನಾನು ನಗುತ್ತಾ ತಟ್ಟೆ ಮುಂದಿಟ್ಟು ಹಬ್ಬದ ಊಟ ಆಯಿತೆ ಎಂದು ಕೇಳಿದೆ. ಯಾರೂ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮುತ್ಯಾಲಪ್ಪನವರು ತಟ್ಟೆಯ ಮೇಲೆ ಒಂದು ಬಟ್ಟೆ ಮುಚ್ಚಿ ಪಕ್ಕಕ್ಕೆ ಇಟ್ಟರು.

"ಇವತ್ತು ಸಾವಿನ ಮನೆ ಕಣವ್ವ. ಭಾನುವಾರ ತಿಂತೀವಿ" ಅಂದರು.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆಮೇಲೆ ಅವರು ನನ್ನನ್ನು ಕೂರಿಸಿ ಎಲ್ಲ ಹೇಳಿದರು. ಊರಿಗೆ ನಮ್ಮ ಸ್ವಾಮಿ ಸತ್ತ ದಿನ ಗೊತ್ತು, ಎದ್ದ ದಿನ ಗೊತ್ತಿಲ್ಲ, ಅದು ಬರಿಯ ಭಾನುವಾರವಾಗಿ ಹೋಗುತ್ತದೆ ಎಂದರು. ಆ ಭಾನುವಾರ ಇಲ್ಲದಿದ್ದರೆ ಶುಕ್ರವಾರದಲ್ಲಿ ಏನಿದೆ, ಒಬ್ಬ ಒಳ್ಳೆಯ ಮನುಷ್ಯನನ್ನು ಕೊಂದರು ಅಷ್ಟೆ, ನಾವು ಹಾಡುವುದೆಲ್ಲ ಆ ಒಂದು ಬೆಳಗಿಗಾಗಿ ಎಂದರು. ಮೂರನೆಯ ದಿನ, ಹೊತ್ತು ಹುಟ್ಟುವ ಮೊದಲು, ಸುಗಂಧದೆಣ್ಣೆ ಹಿಡಿದು ಹೆಂಗಸರು ಸಮಾಧಿಗೆ ಹೋದರಂತೆ. ಬಾಗಿಲಿನ ಬಂಡೆ ಉರುಳಿಸುವವರು ಯಾರು ಎಂದು ದಾರಿಯುದ್ದಕ್ಕೂ ಅವರಿಗೆ ಅದೇ ಚಿಂತೆಯಂತೆ. ಹೋಗಿ ನೋಡಿದರೆ ಬಂಡೆ ಸರಿದಿತ್ತು, ಒಳಗೆ ಯಾರೂ ಇರಲಿಲ್ಲ. "ಲೇಚಿನಾಡು" ಎಂದು ಮುತ್ಯಾಲಪ್ಪನವರು ತೆಲುಗಿನಲ್ಲಿ ಮೆಲ್ಲಗೆ ಅಂದರು. ಎದ್ದಿದ್ದಾನೆ.

ಮೂರನೆಯ ದಿನ ಎಂದ ಕೂಡಲೇ ನನಗೆ ಹಾಲು ತುಪ್ಪದ ನೆನಪಾಯಿತು. ಆ ಹೆಂಗಸರೂ ಹೋದದ್ದು ಸತ್ತವನಿಗೆ ಮಾಡಬೇಕಾದ್ದನ್ನು ಮಾಡುವುದಕ್ಕೇ ತಾನೆ. ಅವರನ್ನು ಬಾಗಿಲಲ್ಲಿ ಹಿಡಿದು ಕೂರಿಸುವ ಅತ್ತೆ ಇರಲಿಲ್ಲ. ಎರಡು ಸಾವಿರ ವರ್ಷದ ಹಿಂದಿನ ಆ ಹೆಂಗಸರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಕಣೆ. ಗುಂಡಿಯ ಗುರುತೇ ಇಲ್ಲದ, ನಿಮ್ಮ ಜಾತಿಯೂ ಅಲ್ಲದ ಮಗು ಏಳುತ್ತದೆಯೆ ಎಂದು ಕೇಳಿದೆ. ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಲಾರೆ ಎಂದರು.

ಮನೆಗೆ ಬಂದು ನಮ್ಮವರನ್ನು ಕೇಳಿದೆ, ಆರು ವರ್ಷದಲ್ಲಿ ಮೊದಲ ಸಲ: ಹಂಪಿಯನ್ನು ಎಲ್ಲಿಟ್ಟಿರಿ? ಅವರು ತುತ್ತು ಕೆಳಗಿಟ್ಟರು.

"ಎಲ್ಲೀಂತ ತೋರಿಸ್ಲೇ? ಮರುವರ್ಸವೇ ಹಳ್ಳ ಬಂದು ದಂಡೆನೆಲ್ಲಾ ಕೊಚ್ಕೊಂಡೋಗ್ಬುಡ್ತು. ನೀನು ಕೇಳ್ದೆ ಇದ್ರೆ ಸಾಕು ಅಂತಿದ್ದೆ."

ಶನಿವಾರ ನಾನು ಸುಣ್ಣ ಬಳಿಯಲು ಹೋಗಲಿಲ್ಲ. ನನ್ನ ಮಗಳಿಗೆ ಮಣ್ಣೇ ಇಲ್ಲ, ನಿನ್ನ ಮಗನಿಗೆ ಸುಣ್ಣ ಯಾಕೆ ಎಂದು ಹಠ ಹಿಡಿದು ಕೂತೆ. ಬಳಿದವರೂ ಮುಳ್ಳು ಕಿತ್ತವರೂ ಮುತ್ಯಾಲಪ್ಪನವರು. ನಾನೇ ಮಾಡಿದೆ ಎಂದು ಆ ಸುಟ್ಟ ಕಾಗದದಲ್ಲಿ ಬರೆದದ್ದು ಮೊದಲ ಸುಳ್ಳು.

ಭಾನುವಾರ ಕೋಳಿ ಕೂಗುವಾಗ ಎಚ್ಚರವಾಯಿತು. ಹೋಗಬಾರದೆಂದುಕೊಂಡೇ ಹೋದೆ. ಸಮಾಧಿತೋಟದ ಕತ್ತಾಳೆ ಬೇಲಿಯ ಹಿಂದೆ ಮರೆಯಾಗಿ ನಿಂತೆ. ನಿಮ್ಮವರು ಸಮಾಧಿಗಳ ನಡುವೆ ನಿಂತು ಹಾಡಿದರು. ಶುಕ್ರವಾರ ಅತ್ತ ಮುಖಗಳೇ, ಎಲ್ಲದರ ಮೇಲೂ ನಿನ್ನ ಮುಖದ ಆ ಬೆಳಕಿತ್ತು. ಒಳಗೆ ಹೋಗಲು ನನಗೆ ಕಾಲೇ ಬರಲಿಲ್ಲ. ಹೊರಡುವಾಗ ಮುತ್ಯಾಲಪ್ಪನವರು ನನ್ನನ್ನು ನೋಡಿದರು, ಬೀಗ ಹಾಕದೆ ಹೋದರು. ಹಾಗಾಗಿ ನಿನ್ನ ಬತ್ತಿ ಹಚ್ಚುವಾಗ ಬಿಸಿಲು ಮಾರುದ್ದ ಏರಿತ್ತು. ಹೊತ್ತು ಹುಟ್ಟುವ ಮೊದಲೇ ಹಚ್ಚಿದೆ ಎಂದು ಬರೆದದ್ದು ಎರಡನೆಯ ಸುಳ್ಳು. ಗಾಳಿಗೆ ಎರಡು ಸಲ ಆರಿತು, ಸೆರಗು ಅಡ್ಡ ಹಿಡಿದು ಕೂತೆ. ನಿನ್ನ ಮಗನ ತಲೆದೆಸೆಯಲ್ಲಿ ಕೂತು ನನ್ನ ಮಗಳಿಗಾಗಿ ಅತ್ತೆ, ಜೋರಾಗಿಯೇ ಅತ್ತೆ. ಹಾಗೆ ಅಳುವುದಕ್ಕೆ ನನಗೆ ಇಷ್ಟು ದಿನ ಒಂದು ಜಾಗವಿರಲಿಲ್ಲ.

ಹೆರಿಗೆಗೆ ಯಾರನ್ನೂ ಹುಡುಕಬೇಡ, ಬಾಣಂತನಕ್ಕೆ ನಾನು ಬರುತ್ತೇನೆ. ಮಗುವನ್ನು ನೋಡಿದರೆ ಮತ್ತೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ಎಣ್ಣೆನೀರು ಹಾಕುವ ಕೈಗೆ ಅದೇನು ಅಡ್ಡಿಯಲ್ಲ.

ನಿನ್ನನ್ನು ಕಂಡರೆ ಕರುಬುವ, ಆದರೂ ನಿನ್ನವಳಾದ,
ನರಸಕ್ಕ

ಮರೆತದ್ದಲ್ಲ, ಬಚ್ಚಿಟ್ಟದ್ದು: ನಾನು ಅಷ್ಟು ಹೊತ್ತು ಅಲ್ಲಿ ಉಳಿದದ್ದು ಬತ್ತಿಗಾಗಿ ಮಾತ್ರವಲ್ಲ. ಹಂಪಿಯ ಕಾಲ್ಗೆಜ್ಜೆ ನನ್ನ ಹತ್ತಿರ ಉಳಿದಿತ್ತು, ಅವಳದೆಂದು ಅದೊಂದೇ. ಜೀವರತ್ನನ ಎಡಮಗ್ಗುಲಲ್ಲಿ ಮೊಳದಾಳ ತೋಡಿ ಅದನ್ನು ಹೂತು ಬಂದಿದ್ದೇನೆ. ನಿಮ್ಮವರ ಜಾಗ, ಕೇಳಬೇಕಿತ್ತು, ಕೇಳಲಿಲ್ಲ. ಉಪದೇಶಿಗಳಿಗೂ ನಮ್ಮವರಿಗೂ ಗೊತ್ತಿಲ್ಲ. ನಿನ್ನ ಮಗನನ್ನು ನೀನು ಗುರುತು ಹಿಡಿಯುವ ದಿನ ಪಕ್ಕಕ್ಕೂ ಒಮ್ಮೆ ನೋಡು. ತೆಗೆದುಬಿಡು ಎನ್ನುವುದಾದರೆ ಈ ಕಾಗದಕ್ಕೆ ಉತ್ತರ ಬರೆಯಬೇಡ. ನಾನು ತೆಗೆಯುವುದಿಲ್ಲ.