ಐದಡಿ ಮೆತ್ತಗಿನ ನೆಲ

ಜನವರಿ 14, ಮಂಗಳವಾರ

ಬಾಯ್ಲರ್ ತೊಳೆದೆ. ಪೈಪ್ ಸುತ್ತಿಟ್ಟೆ. ಹೊರಗೆ ಮೈನಸ್ ಮೂವತ್ತೆಂಟು ಡಿಗ್ರಿ. ಚಹಾದ ಹೊತ್ತಿಗೆ ಊರಿಗೆಲ್ಲ ಮಾಮನಾದ ಅಂಬ್ರೋಸ್ ಬಂದ. ನಲವತ್ತು ವರ್ಷದಿಂದ ಊರಿನ ಗೋರಿ ತೋಡುವವನು—ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಬೆಂಕಿ ಹಾಕಿ. ಬಿಸಿನೀರು ಹರಿಸಿ ನೆಲ ಕರಗಿಸುವ ನನ್ನ ಮಶಿನ್ನಿಗೆ ಅವನು ಗೇಲಿಗಿಟ್ಟ ಹೆಸರು ‘ಕೆಟಲ್’. ನಿನ್ನೆ ಅವನ ಹೆಂಡತಿ ಅಡೆಲ್ ತೀರಿಕೊಂಡಳು.

“ಅವಳಮ್ಮನ ಪಕ್ಕಾನೇ ಬೇಕು ಅಂದಿದ್ಲು ಕಣೇ. ಎರಡೂ ಕಡೆ ಗೋರಿಗೆ ಮರದ ಬೇಲಿ. ಬೆಂಕಿ ಹಾಕಿದ್ರೆ ಅತ್ತೆ ಗೋರಿನೂ ಸುಟ್ಟುಹೋಗುತ್ತೆ.”

“ಅದಕ್ಕೆ?”

“ಬಾಯಿಬಿಟ್ಟು ಕೇಳ್ಬೇಕಾ, ವರ್ನಾ?... ನಿನ್ನ ಕೆಟಲ್ ತಗೊಂಡ್ ಬಾ.”

ಪಾಪ, ಅವನ ಬಾಯಿಂದಲೇ ಕೇಳಿಸಬಾರದಿತ್ತು.

ಪಾದ್ರಿಯ ವಿಮಾನ ಸೋಮವಾರ. ಅಷ್ಟರಲ್ಲಿ ಐದಡಿ ನೆಲ ಕರಗದಿದ್ದರೆ ಅಡೆಲ್ ದೂರದ ಪಟ್ಟಣ ಪ್ರಿನ್ಸ್ ಆಲ್ಬರ್ಟ್‌ನ ಶವಾಗಾರಕ್ಕೆ, ಮೇ ತಿಂಗಳ ತನಕ. ಆಗುತ್ತೆ ಅಂದೆ.

ಜನವರಿ 15

ಹಿಮ ಗುಡಿಸಿ, ಬೇಲಿಗಳ ನಡುವೆ ಪೈಪ್ ಸುತ್ತುಸುತ್ತಾಗಿ ಹಾಸಿದೆ. ಮೇಲೆ ದಪ್ಪ ಹೊದಿಕೆ. ಬಿಸಿನೀರು ಬಿಟ್ಟೆ. ದಿನಕ್ಕೆ ಒಂದೂವರೆ ಅಡಿ ಕರಗಬೇಕು.

ಜನವರಿ 17, ಮಧ್ಯಾಹ್ನ 2

ಒಂದೇ ಅಡಿ! ಬಾಯ್ಲರ್ ಸರಿಯಿದೆ, ಪೈಪ್ ಸರಿಯಿದೆ. ಹೋಗಿ ನೋಡಿದರೆ ಮಾಮ ಹೊದಿಕೆ ಎತ್ತಿ, ಎಷ್ಟು ಕರಗಿದೆ ಅಂತ ಸರಳು ಚುಚ್ಚಿ ನೋಡುತ್ತಿದ್ದಾನೆ. ಗಂಟೆಗೊಮ್ಮೆಯಂತೆ! ಬೆಂಕಿಯಾದರೆ ಕೆದಕುತ್ತಿರಬೇಕು, ಆ ಅಭ್ಯಾಸ.

“ಬಿಸಿಯೆಲ್ಲ ಆಕಾಶಕ್ಕೆ ಕೊಟ್ಬಿಟ್ಯಲ್ಲ ಮಾಮ! ಇನ್ನೊಂದ್ಸಲ ಮುಟ್ಟಿದ್ರೆ ಕೈ ಮುರೀತೀನಿ.”

“ಸುಮ್ನೆ ಕೂತು ಏನ್ ಮಾಡ್ಲಿ?” ಅಂದ.

ಮನೆಯ ಕಂಬಳಿಗಳನ್ನೆಲ್ಲ ತಂದು ಹೊದಿಸಿದೆ. ಅದರ ಮೇಲೆ ಮಾಮನನ್ನೇ ಕೂರಿಸಿದೆ. ಎದ್ದರೆ ತಾನೇ ಎತ್ತುವುದು!

ಜನವರಿ 20, ಬೆಳಿಗ್ಗೆ 9

ಸರಳು ಇಳಿಯಿತು. ಐದಡಿ—ಮೇಲೆ ನಾಲ್ಕು ಬೆರಳು! ಬೇಲಿಯ ಒಂದು ಚಕ್ಕೆಯೂ ಕಪ್ಪಾಗಿಲ್ಲ. ಹೆಮ್ಮೆ ಪಡಬಾರದಂತೆ... ಪಡುತ್ತೇನೆ. ಈ ಸರೋವರದ ಸುತ್ತ ಇಂಥ ಕೆಲಸ ಯಾರು ಮಾಡಿದ್ದಾರೆ, ತೋರಿಸಲಿ ನೋಡೋಣ.

ಇನ್ನು ತೋಡುವುದು ಮಾಮನ ಕೆಲಸ; ಮೊದಲ ಮಣ್ಣು ತೆಗೆಯುವುದು ಸತ್ತವರ ನೆಂಟರು, ಅದೂ ಗಂಡಸರು. ಪೈಪ್ ಸುತ್ತಿಕೊಂಡು ಮನೆಗೆ ಬಂದೆ.

9.40

ಬಾಗಿಲಲ್ಲಿ ಮಾಮ. ಕೈಯಲ್ಲಿ ಸಲಿಕೆ. ಹಿಂದೆ ಅಡೆಲಳ ತಮ್ಮಂದಿರು.

“ಬರ್ಕೊಂಡ್ ಕೂತಿದ್ದು ಸಾಕು, ಬಾ. ಮೊದಲ ಮಣ್ಣು ನೀನೇ ತೆಗೀಬೇಕು.”

“ನಾನೇನು ನೆಂಟಳಾ ಮಾಮ?”

“ಅವಳ ಹಾಸಿಗೆ ಬೆಚ್ಚಗೆ ಮಾಡಿದೋಳು ನೆಂಟಳಲ್ದೆ ಇನ್ನೇನೇ?”

ಕಾಯುತ್ತಿದ್ದಾರೆ. ಕಣ್ಣೊರೆಸಿಕೊಳ್ಳಬೇಕು. ಕೈಗವಸು ಎಲ್ಲಿ—